ಅಕ್ಷರಕ್ಕೆ ಗಂಟಲು ಕಟ್ಟುವುದಿಲ್ಲ

ಮೈಕು ಎಲ್ಲೂ ಇರಲಿಲ್ಲ.

ಮೇಜಿನ ಖಾನೆಗಳನ್ನೆಲ್ಲ ಎಳೆದು ನೆಲಕ್ಕೆ ಸುರಿದದ್ದಾಯಿತು. ಗಂಟುಬಿದ್ದ ವೈರು, ಸುಟ್ಟ ಫ್ಯೂಸು, ಯಾವುದಕ್ಕೆ ಸೇರಿದ್ದೆಂದು ಮರೆತೇಹೋದ ತಿರುಪುಮೊಳೆಗಳು. ಮೊಣಕಾಲೂರಿ ಮಂಚದ ಕೆಳಗೆ ಕೈಯಾಡಿಸುತ್ತಿದ್ದಾಗ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

"ಏನು ಹುಡುಕ್ತಿದೀರಿ?"

"ಏನಿಲ್ಲ."

"ಏನಿಲ್ಲದ್ದು ಎಲ್ಲಿ ಬೇಕಾದ್ರೂ ಸಿಗತ್ತಲ್ಲ. ಮಂಚದ ಕೆಳಗೇ ಯಾಕೆ?"

ಅವನು ನಗಲಿಲ್ಲ. ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ. "ಮೈಕು. ಕಪ್ಪಗೆ, ಕೈಯಲ್ಲಿ ಹಿಡ್ಕೊಳ್ಳೋದು. ಸುರುಳಿ ವೈರು ಇತ್ತು."

"ಓ, ಅದಾ." ಒಳಗೆ ಹೋಗಿ ಹೊಲಿಗೆ ಯಂತ್ರದ ಪೆಟ್ಟಿಗೆಯಿಂದ ಅದನ್ನು ತಂದಳು. ವೈರಿಗೆ ಬಣ್ಣದ ನೂಲು ಸುತ್ತಿಕೊಂಡಿತ್ತು. "ಬಚ್ಚಲು ಮನೆಯ ಯಾವುದೋ ನಲ್ಲಿಯ ಹಿಡಿ ಅಂದ್ಕೊಂಡಿದ್ದೆ. ಇಷ್ಟು ದಿನ ಯಾರೂ ಕೇಳಲಿಲ್ಲವಲ್ಲ. ಕೆಟ್ಟುಹೋಗಿದೆ ಅಂತಿದ್ರಿ?"

"ಯಾರಿಗೆ ಅಂದೆ?"

"ನನಗಂತೂ ಅನ್ನಲಿಲ್ಲ. ಪರದೆ ಮೇಲೆ ಬರೀತಿದ್ರಿ. ಮೈಕು ಕೆಟ್ಟಿದೆ, ರಿಪೇರಿಗೆ ಕೊಟ್ಟಿದೀನಿ ಅಂತ. ಗುಡಿಸೋಕೆ ಬಂದಿದ್ದೆ, ಕಣ್ಣಿಗೆ ಬಿತ್ತು."

ಅವನು ನೂಲು ಬಿಡಿಸತೊಡಗಿದ. ಅವಳು ಇನ್ನೂ ಏನೋ ಕೇಳುವವಳಂತೆ ನಿಂತಿದ್ದಳು. ಕೇಳದೆ ಹೊರಟುಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವನ ಜೇಬಿನಲ್ಲಿ ಫೋನು ಗುರ್ ಎಂದಿತು. ಅಡುಗೆಮನೆಯಿಂದ ಅವಳದೇ ಸಂದೇಶ: ‘ತಿಂಡಿ ಆರ್ತಿದೆ.’ ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಈ ಪದ್ಧತಿ ಯಾವಾಗ ಶುರುವಾಯಿತೆಂದು ಇಬ್ಬರಿಗೂ ನೆನಪಿಲ್ಲ. ಮೊದಲೆಲ್ಲ ಅವಳು ಕೂಗುತ್ತಿದ್ದಳು. ಅವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ರೇಡಿಯೋ ಮುಂದೆ ಕೂತಿರುತ್ತಿದ್ದ. ಕೂಗಿ ಕೂಗಿ ಸಾಕಾಗಿ ಬೆರಳಿಗೆ ಇಳಿದಳು. ಜಗಳಗಳು ಕಡಿಮೆಯಾದವು. ಇದನ್ನು ಅವನು ಒಂದು ಸುಧಾರಣೆಯೆಂದೇ ಲೆಕ್ಕ ಹಾಕಿದ್ದ.

*

ಇವತ್ತು ಮಂಗಳವಾರ.

ಹೋದ ವಾರ ರೇಡಿಯೋಗೆ ಜೋಡಿಸಿದ ಕಂಪ್ಯೂಟರಿನ ಪರದೆಯ ಮೇಲೆ ಕಂಚು ಬರೆದದ್ದು ಬಂದಿತ್ತು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಳಿಸಿದ್ದು. ಅಕ್ಷರಗಳು ಒಂದೊಂದಾಗಿ, ತೊಟ್ಟಿಕ್ಕುವ ನಲ್ಲಿಯ ಹಾಗೆ ಬಿದ್ದವು. ‘ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರಂತೆ. ಬುಧವಾರ ಬೆಳಿಗ್ಗೆ. ಮಂಗಳವಾರ ನಾಲ್ಕಕ್ಕೆ ಬಾ, ಹಳೇ ಜಾಗಕ್ಕೆ. ಬೆರಳಲ್ಲಿ ಬೇಡ, ಬಾಯಲ್ಲಿ ಬಾ. ಆಮೇಲೆ ಬಾಯಿ ಇರತ್ತೆ, ಧ್ವನಿ ಇರಲ್ಲ.’

ಅವನು ಒಂದೇ ಪದ ಒತ್ತಿದ್ದ: ‘ಸರಿ.’ ಅದರ ಹಿಂದೆಯೇ ಯಂತ್ರ ತನ್ನ ವಾಡಿಕೆಯ ಸಾಲನ್ನು ತಾನೇ ಜೋಡಿಸಿ ಕಳಿಸಿಬಿಟ್ಟಿತು: ‘ತಮ್ಮ ಸಂಪರ್ಕದಿಂದ ಬಹಳ ಸಂತೋಷವಾಯಿತು. ಶುಭವಾಗಲಿ. ಮತ್ತೆ ಭೇಟಿಯಾಗೋಣ.’

ಇಬ್ಬರೂ ಹವ್ಯಾಸಿ ರೇಡಿಯೋದವರು. ಮನೆಯಲ್ಲೊಂದು ಪೆಟ್ಟಿಗೆ, ಮಹಡಿಯ ಮೇಲೊಂದು ತಂತಿ, ಕೈಯಲ್ಲೊಂದು ಪರವಾನಗಿ; ಎಲ್ಲೋ ಕೂತ ಎಂಥವನೋ ಒಬ್ಬನನ್ನು ಗಾಳಿಯಿಂದ ಹಿಡಿದು ಮಾತಾಡಿಸುವ ಹುಚ್ಚು. ಕಂಚು ಬೇರೆ ಊರಿನವನು, ಒಂದು ಹಗಲಿನ ರೈಲು ಪ್ರಯಾಣದಷ್ಟು ದೂರ. ಹಳೇ ಸಾಮಾನಿನ ಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಅವನ ಧ್ವನಿಗೆ ಮರುಳಾಗಿ ಜನ ಬಾಗಿಲಿಲ್ಲದ ಬೀರುವನ್ನೂ ಹೊತ್ತುಕೊಂಡು ಹೋಗುತ್ತಿದ್ದರಂತೆ. ಆ ಧ್ವನಿಯಿಂದಲೇ ಅವನಿಗೆ ಕಂಚು ಎಂದು ಹೆಸರು ಬಿತ್ತು. ಇವನಿಗೆ ಕಿವಿ ಎಂದು ಹೆಸರಿಟ್ಟವನು ಕಂಚು. ಇವನದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ.

ಒಬ್ಬರನ್ನೊಬ್ಬರು ಕಣ್ಣಾರೆ ಕಂಡದ್ದಿಲ್ಲ. ಫೋಟೋ ಕೂಡ ಕಳಿಸಿಕೊಂಡವರಲ್ಲ. ಮದುವೆಯ ಮೊದಲಿನಿಂದ ಸಂಜೆ ಹೊತ್ತು ಮಾತು. ಕಂಚಿನ ಹೆಂಡತಿ ತೀರಿಕೊಂಡದ್ದನ್ನು ಇವನು ಕೇಳಿಸಿಕೊಂಡದ್ದು ಹೀಗೆಯೇ. ಅವತ್ತು ಕಂಚು ಮಾತಾಡಿರಲಿಲ್ಲ. ಮೈಕಿನ ಗುಂಡಿ ಒತ್ತಿ ಹಿಡಿದು ಉಸಿರಾಡಿದ್ದ, ಅಷ್ಟೆ. ಇವನಿಗೆ ತಿಳಿದಿತ್ತು.

ಆಮೇಲೆ ಇವನಿಗೆ ಮಾತು ಬೇಡವಾಯಿತು.

ಕಾರಣ ಕೇಳಿದರೆ ನಗು ಬರುವಂಥದ್ದು. ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಎರಡಕ್ಷರದ ಪದಗಳನ್ನು ಇವನ ಧ್ವನಿಯಲ್ಲೇ ರೆಕಾರ್ಡ್ ಮಾಡಿಸಿದ್ದರು. ಮನೆ. ಹಾಲು. ಬೆಕ್ಕು. ಕಲ್ಲು. ಯಾವ ಪದಕ್ಕೂ ಏರಿಳಿತವಿಲ್ಲ; ಹಾಗೇ ಇರಬೇಕು, ಅದೇ ನಿಯಮ. ಒಂದು ದಿನ ಗಾಜಿನ ಕೋಣೆಯೊಳಗೆ ಏನೋ ಸರಿಪಡಿಸಲು ಹೋಗಿದ್ದಾಗ ಹೊರಗಿದ್ದವರು ತಿಳಿಯದೆ ಅದನ್ನು ಹಚ್ಚಿದರು. ಮನೆ ಎಂದಿತು ಆ ಧ್ವನಿ. ಯಾರ ಮನೆಯೂ ಅಲ್ಲದ ಮನೆ. ಅವನು ಬೆವೆತುಬಿಟ್ಟ. ಸಂಜೆ ಮನೆಗೆ ಬಂದು ಹೆಂಡತಿಯನ್ನು "ಊಟ ಆಯ್ತಾ" ಎಂದು ಕೇಳಿದಾಗ ಅದೇ ಧ್ವನಿ ಬಾಯಿಂದ ಹೊರಬಿತ್ತು. ಯಾವಾಗಿನಿಂದ ಹೀಗೆ? ಅವಳು "ಹ್ಞೂಂ, ಆಯ್ತು" ಎಂದು ಸುಮ್ಮನೆ ತಟ್ಟೆ ಎತ್ತಿಕೊಂಡು ಹೋದಳು. ಅವಳಿಗೆ ಅಭ್ಯಾಸವಾಗಿತ್ತು.

ಅಲ್ಲಿಂದ ಕೀಲಿಮಣೆ. ಕಂಚನ್ನೂ ಒಪ್ಪಿಸಿದ. ಎಷ್ಟೆಲ್ಲ ವಾದ ಹೂಡಿದ್ದ! ಧ್ವನಿ ಅಂದರೆ ಅಗಲವಾದ ಗಾಡಿ, ರಸ್ತೆಯೆಲ್ಲ ಬೇಕು. ಅಕ್ಷರ ಅಂದರೆ ಸೈಕಲ್ಲು, ಸಂದಿಗೊಂದಿಯಲ್ಲೂ ನುಸುಳುತ್ತೆ. ಧ್ವನಿಗೆ ನೂರು ವ್ಯಾಟ್ ಬೇಕಾದಲ್ಲಿ ಅಕ್ಷರಕ್ಕೆ ಒಂದು ಬಲ್ಬು ಉರಿಯುವಷ್ಟೂ ಬೇಡ. ಗದ್ದಲದ ಕೆಳಗೆ, ಕಿವಿಗೆ ಏನೂ ಕೇಳಿಸದ ಕಡೆಯೂ ಯಂತ್ರ ಅಕ್ಷರವನ್ನು ಹೆಕ್ಕಿ ತೆಗೆಯುತ್ತೆ. ಅಲ್ಲದೆ ಅಕ್ಷರಕ್ಕೆ ಗಂಟಲು ಕಟ್ಟುವುದಿಲ್ಲ.

ಕೊನೆಯ ಮಾತು ತಮಾಷೆಗೆ ಅಂದದ್ದು.

"ಅದೆಲ್ಲ ಸರಿ ಕಣೋ," ಅಂದಿದ್ದ ಕಂಚು. "ನೀನು ನಗ್ತಿದೀಯೋ ಅಳ್ತಿದೀಯೋ ನನಗೆ ಹೇಗೆ ಗೊತ್ತಾಗೋದು?"

"ಅದನ್ನೂ ಬರೆದರಾಯ್ತು. ನಗು ಬಂದ್ರೆ ಹೊ ಹೊ ಅಂತ ಒತ್ತು."

ಇವನು ಹೇಳಿದ್ದನ್ನು ಕಂಚು ಅಕ್ಷರಶಃ ಪಾಲಿಸಿದ. ಅವರು ತಮ್ಮ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಿದ್ದರು. ಯಂತ್ರಕ್ಕೆ ತಿಳಿದದ್ದು ಅಷ್ಟೇ. ಈಚೆಗೆ ಹಲವು ತಿಂಗಳುಗಳಿಂದ ಕಂಚಿನ ವಾಕ್ಯಗಳ ನಡುವೆ ನಗು ಜಾಸ್ತಿಯಾಗಿತ್ತು. ಹೊ ಹೊ ಹೊ. ‘ಅಕ್ಕನಿಗೆ ಕಿವಿ ಇನ್ನೂ ಮಂದ ಆಗಿದೆ ಹೊ ಹೊ ಹೊ.’ ಇವನ ಕೀಲಿಮಣೆಯಲ್ಲಿ ನಗುವಿಗೆಂದೇ ಒಂದು ಗುಂಡಿಯಿತ್ತು. ಒತ್ತಿದರೆ ‘ಹ ಹ ಹ’ ತಾನೇ ಹೋಗುತ್ತಿತ್ತು. ಒತ್ತುತ್ತಿದ್ದ. ಹೋದ ವಾರ ಆ ಸುದ್ದಿ ಬಂದ ಮೇಲೆ ಹಳೆಯದನ್ನೆಲ್ಲ ತೆರೆದು ನೋಡಿದ. ತರಂಗ ಶುದ್ಧವಾಗಿದ್ದ ದಿನಗಳಲ್ಲಿ ಅದು ಹೊ ಹೊ ಅಲ್ಲ. ಖೊ ಖೊ. ದಾರಿಯ ಗದ್ದಲದಲ್ಲಿ ಮೊದಲಿನ ಒಂದು ಇಂಗ್ಲಿಷ್ ಅಕ್ಷರ, ಆ ‘ಕೆ’, ಉದುರಿದರೆ ಖೊ ಹೊ ಆಗುತ್ತದೆ.

ಕಂಚು ಕೆಮ್ಮುತ್ತಿದ್ದ. ಕೆಮ್ಮನ್ನೂ ಪ್ರಾಮಾಣಿಕವಾಗಿ ಬರೆಯುತ್ತಿದ್ದ. ಇವನು ನಗುತ್ತಿದ್ದ.

ಇವತ್ತು ನಾಲ್ಕಕ್ಕೆ ಅದನ್ನು ಹೇಳಬೇಕು. ಬಾಯಲ್ಲಿ. ಅಷ್ಟೇ ಕೆಲಸ.

*

ಆಸ್ಪತ್ರೆಯಲ್ಲಿ ಗಾಜಿನಾಚೆ ಕೂತಿದ್ದ ಮುದುಕ ಬಹಳ ಸಭ್ಯನಾಗಿದ್ದ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ಅವನು ಒತ್ತುತ್ತಿದ್ದ. ಇವನು ಸದ್ದು ಕಳಿಸಿದಾಗಲೂ ಒತ್ತಿದ, ಕಳಿಸದಿದ್ದಾಗಲೂ ಒತ್ತಿದ. ಒತ್ತಿ ಒತ್ತಿ ಗಾಜಿನೊಳಗಿಂದ ಮುಗುಳ್ನಗುತ್ತಿದ್ದ.

ಇವನು ಬಾಗಿಲು ತೆರೆದು ಒಳಗೆ ಹೋದ. "ಅಜ್ಜಾ, ಕೇಳಿಸಿದಾಗ ಮಾತ್ರ ಒತ್ತಿ."

"ಹಾಗೇ ಮಾಡ್ತಿದೀನಲ್ಲ."

"ಈಗ ನಾನು ಏನೂ ಕಳಿಸಿರಲಿಲ್ಲ. ಆದ್ರೂ ಒತ್ತಿದ್ರಿ."

ಮುದುಕ ತಪ್ಪು ಮಾಡಿದ ಮಗುವಿನ ಹಾಗೆ ನೋಡಿದ. "ನೀವು ಅಲ್ಲಿ ಅಷ್ಟು ಹೊತ್ತು ನನ್ನೇ ನೋಡ್ತಾ ಕೂತಿದ್ರಿ. ಒತ್ತದಿದ್ರೆ ನಿಮಗೆ ಬೇಜಾರಾಗ್ಬಹುದು ಅಂತ..."

ಬಾಗಿಲ ಬಳಿ ನಿಂತಿದ್ದ ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಮನೇಲೂ ಹೀಗೇ ಸರ್. ಎಲ್ಲದಕ್ಕೂ ತಲೆ ಆಡಿಸ್ತಾರೆ. ಕೇಳಿಸ್ತಾ ಮಾವ ಅಂದ್ರೆ, ಕೇಳಿಸ್ತಮ್ಮ ಅಂತಾರೆ. ಏನು ಕೇಳಿಸ್ತು ಅಂದ್ರೆ ಮುಖ ನೋಡ್ತಾರೆ."

"ಎಷ್ಟು ಸಲ ಅಂತ ಹೇಳಿಸ್ಕೊಳ್ಳೋದಮ್ಮ," ಅಂದ ಮುದುಕ. "ಹೇಳಿದವರಿಗೂ ಸುಸ್ತು."

ಇವನು ಹಾಳೆಯ ಮೇಲೆ ‘ಫಲಿತಾಂಶ ನಂಬಲರ್ಹವಲ್ಲ’ ಎಂದು ಬರೆದ. ಮತ್ತೊಂದು ದಿನ ಬರಲು ಹೇಳಿದ. ಮುದುಕ ಕೈಮುಗಿದು, "ಬಹಳ ಚೆನ್ನಾಗಿ ನೋಡಿದ್ರಿ," ಎಂದು ಹೋದ.

ಮಧ್ಯಾಹ್ನ ಚೀಟಿ ಬರೆಯುವ ಹೆಂಗಸಿನ ಬಳಿ ಹೋಗಿ, ಮೂರಕ್ಕೆ ಹೊರಡುತ್ತೇನೆಂದ.

"ಹುಷಾರಿಲ್ವಾ ಸರ್?"

"ಹಾಗೇನಿಲ್ಲ. ಸ್ನೇಹಿತರೊಬ್ಬರು ಸಿಗ್ತಿದಾರೆ."

"ನಿಮಗಾ?" ಅವಳು ಪೆನ್ನು ಎತ್ತಿ ನೋಡಿದಳು. ತಾನು ಆಡಿದ್ದು ಕೆಟ್ಟದಾಗಿ ಕೇಳಿಸಿತೆಂದು ಹೊಳೆದು, "ಅಲ್ಲ, ಯಾವತ್ತೂ ಹೇಳಿರಲಿಲ್ಲ ನೋಡಿ. ಊರಿಗೆ ಬರ್ತಿದಾರಾ?" ಎಂದಳು.

"ಇಲ್ಲ. ನಾನೇ... ಮನೆಯಿಂದಲೇ."

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವಷ್ಟು ಹತ್ತಿರದವಳೂ ಅಲ್ಲ. "ಏನಾದ್ರೂ ಸಿಹಿ ತಗೊಂಡು ಹೋಗಿ," ಅಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಭ್ಯಾಸ ಮಾಡಿದ. ಕಂಚು, ನೀನು ಕೆಮ್ಮಿದಾಗ ನಾನು ನಕ್ಕೆ. ಸಣ್ಣ ವಾಕ್ಯ. ಇನ್ನೊಮ್ಮೆ. ಕಂಚು. ಕೆಮ್ಮು. ನಾನು. ನಕ್ಕೆ. ಎಷ್ಟು ಸಲ ಆಡಿದರೂ ಅದು ಮನೆ, ಹಾಲು, ಬೆಕ್ಕು, ಕಲ್ಲು ಆಗಿ ಬೀಳುತ್ತಿತ್ತು. ಪಕ್ಕದವನು ಇವನ ಅಲುಗುವ ತುಟಿಗಳನ್ನು ನೋಡಿ ತನ್ನ ಚೀಲವನ್ನು ಮಡಿಲಿಗೆ ಎತ್ತಿಕೊಂಡ.

ಕಂಚಿನ ಮನೆಯಲ್ಲಿ ಬೇರೆ ಯಾರಿದ್ದರು? ಅಕ್ಕ. ಅವಳಿಗೆ ಕಿವಿ ಮಂದ. ಕಟ್ಟೆಯ ಕೆಲಸ ಬಿಟ್ಟ ಮೇಲೆ ಕಂಚಿನ ಧ್ವನಿ ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಒಂದೇ ದಾರಿಯಲ್ಲಿ, ಅದು ಬಂದು ಮುಟ್ಟುತ್ತಿದ್ದದ್ದು ಒಂದೇ ಕಿವಿಗೆ. ಹೊಟ್ಟೆಪಾಡಿಗೇ ಕೇಳುವ ಕಿವಿ. ಆ ದಾರಿಗೆ ಕಲ್ಲು ಹಾಕಿ ಮುಚ್ಚಿದವನು, ಮುಚ್ಚುವುದು ಎಷ್ಟು ಲಾಭದಾಯಕ ಎಂದು ವಾದಿಸಿದವನು, ಈಗ ಬಸ್ಸಿನಲ್ಲಿ ಪಾಠ ಒಪ್ಪಿಸುತ್ತಿದ್ದ. ಅವನಿಗೆ ತನ್ನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಆಕಳಿಕೆ.

*

ಮನೆಯಲ್ಲಿ ಹೆಂಡತಿ ಹೊಲಿಯುತ್ತಿದ್ದಳು. ಯಂತ್ರದ ಟಕಟಕ ನಿಲ್ಲಿಸಿ ನೋಡಿದಳು. "ಇಷ್ಟು ಬೇಗ?"

"ಹ್ಞೂಂ."

"ಕಂಚು ಅವರಾ?"

ಅವನು ನಿಂತ. "ನಿನಗೆ ಹೇಗೆ ಗೊತ್ತು?"

"ಮೈಕು ಹುಡುಕಿದ್ರಲ್ಲ. ಅವರನ್ನ ಬಿಟ್ರೆ ಯಾರ ಹತ್ರ ನೀವು..." ವಾಕ್ಯ ಅಲ್ಲಿಗೇ ನಿಂತಿತು. "ಮಿಷನ್ ಸದ್ದು ಆಗತ್ತಾ ನಿಮಗೆ? ನಿಲ್ಲಿಸ್ಲಾ?"

"ಬೇಡ," ಅಂದ. ಒಳಗೆ ಹೋಗಿ ಬಾಗಿಲು ದೂಡಿದ. ಅಗುಳಿ ಹಾಕಲಿಲ್ಲ.

ಹೆಡ್‌ಫೋನು ಹಾಕಿಕೊಂಡ. ಹಳೇ ಜಾಗಕ್ಕೆ, ಮೊದಲು ಇಬ್ಬರೂ ಮಾತಾಡುತ್ತಿದ್ದ ತರಂಗಕ್ಕೆ, ಮುಳ್ಳು ತಿರುಗಿಸಿದ. ಬರೀ ಗಾಳಿ, ದೂರದಲ್ಲಿ ಯಾರೋ ಮರಳು ಜರಡಿ ಹಿಡಿಯುತ್ತಿರುವ ಹಾಗೆ. ಆಮೇಲೆ ಆ ಮರಳಿನೊಳಗಿಂದ ಏನೋ ಎದ್ದಿತು. ತಗಡಿನ ಪೆಟ್ಟಿಗೆಯನ್ನು ಸಿಮೆಂಟಿನ ಮೇಲೆ ಎಳೆದಂತೆ.

"ಕಿವೀ... ಇದೀಯೇನೋ? ಓವರ್."

ಅದು ಕಂಚಿನ ಧ್ವನಿಯೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮರುಕ್ಷಣವೇ ಒಳಗಿನ ಪರೀಕ್ಷಕ ಎದ್ದು ಕೂತ: ಧ್ವನಿಪೆಟ್ಟಿಗೆಯ ಒಂದು ಕಡೆಯ ಪಟ್ಟಿ ಪೂರ್ತಿ ಬಿಗಿದಿದೆ, ಗಾಳಿ ಸೋರುತ್ತಿದೆ. ಇದು ಇಂದು ನಿನ್ನೆಯದಲ್ಲ. ಆರು ತಿಂಗಳ ಹಿಂದೆ ಇದರ ನಾಲ್ಕು ಮಾತು ಕಿವಿಗೆ ಬಿದ್ದಿದ್ದರೂ ಸಾಕಿತ್ತು.

ಗುಂಡಿ ಒತ್ತಿದ. "ಇದೀನಿ ಕಂಚು. ನಿನ್ನ ಸದ್ದು ಐದು-ಒಂಬತ್ತು. ಓವರ್."

ಐದಕ್ಕೆ ಐದು ಸ್ಪಷ್ಟ, ಒಂಬತ್ತಕ್ಕೆ ಒಂಬತ್ತು ಗಟ್ಟಿ. ಈ ಜನರಲ್ಲಿ ಅದೊಂದು ರೂಢಿ. ಕೇಳಿಸಲಿ ಬಿಡಲಿ, ಎದುರಿನವನಿಗೆ ಐದು-ಒಂಬತ್ತು ಕೊಡುವುದು. ಐದು-ಒಂಬತ್ತು ಕೊಟ್ಟು, ‘ತಮ್ಮ ಹೆಸರು ಇನ್ನೊಮ್ಮೆ ಹೇಳ್ತೀರಾ, ಕೇಳಿಸಲಿಲ್ಲ’ ಎನ್ನುವವರೂ ಉಂಟು.

"ಸುಳ್ಳು ಬೊಗಳ್ಬೇಡ್ವೋ," ಅಂತು ತಗಡಿನ ಪೆಟ್ಟಿಗೆ. "ನನ್ನ ಮಾತು ನನಗೇ ನೆಟ್ಟಗೆ ಕೇಳಿಸ್ತಿಲ್ಲ. ಕಟ್ಟೆ ಖಾಲಿ ಮಾಡ್ತಿದೀನಪ್ಪಾ. ಹರಾಜಿಗೆ ಉಳಿದಿರೋ ಕೊನೇ ಮಾಲು ಇದು. ಒಡೆದಿದೆ, ಸೋರ್ತಿದೆ, ಯಾರಾದ್ರೂ ಕೂಗ್ತೀರಾ ಅಂದ್ರೆ ಒಬ್ಬನೂ ಬಾಯಿ ಬಿಡ್ತಿಲ್ಲ." ಕೆಮ್ಮು. ನಿಜವಾದ ಕೆಮ್ಮು, ಯಾವ ಅಕ್ಷರಕ್ಕೂ ಹೋಲದ್ದು. "ಮೈಕು ರಿಪೇರಿ ಆಯ್ತಾ? ಓವರ್."

"ಆಯ್ತು. ಓವರ್."

"ಒಳ್ಳೇ ಟೈಮಿಗೆ ಆಯ್ತು. ಅತ್ತಿಗೆ ಹೇಗಿದಾರೆ? ಓವರ್."

"ಚೆನ್ನಾಗಿದಾಳೆ. ಓವರ್."

"ನೀನು?"

ನನ್ನದು ಮುಗಿಯಿತು, ಇನ್ನು ನೀನು ಆಡು ಎನ್ನುವ ಆ ಓವರ್ ಹೇಳಲು ಕಂಚು ಮರೆತಿದ್ದ. ಇಲ್ಲವೇ ಉಸಿರು ಸಾಲಲಿಲ್ಲ. ಇವನು ಕಾದ. ಆಮೇಲೆ ಗುಂಡಿ ಒತ್ತಿದ. "ನಾನೂ. ಎಷ್ಟೊತ್ತಿಗೆ ಸೇರ್ಕೊಳ್ತೀಯ ಆಸ್ಪತ್ರೆಗೆ? ಓವರ್."

"ಆರಕ್ಕೆ. ಅಕ್ಕ ಚೀಲ ತುಂಬ್ತಿದಾಳೆ, ತೀರ್ಥಯಾತ್ರೆಗೆ ಹೊರಟವಳ ಹಾಗೆ. ಡಾಕ್ಟರು ಮಾತಾಡ್ಲೇಬೇಡ ಅಂದಿದಾರೆ. ನಾಳೆಯಿಂದ ಹೇಗೂ ಆಡಲ್ವಲ್ಲ ಸ್ವಾಮಿ ಅಂದೆ." ಉಸಿರು. "ನಿನಗೆ ಒಂದು ಮಾತು ಹೇಳ್ಬೇಕಿತ್ತು. ಅದಕ್ಕೇ ಕರೆದದ್ದು. ಓವರ್."

"ನನಗೂ ನಿನಗೆ ಹೇಳೋದಿತ್ತು. ಓವರ್."

"ಹಾಗಾದ್ರೆ ನೀನು ಹೇಳು. ಓವರ್."

"ಇಲ್ಲ, ನೀನೇ ಮೊದಲು. ಓವರ್."

"ನೀನು ಹೇಳೋ. ನಂದು ಸ್ವಲ್ಪ ಉದ್ದ. ಓವರ್."

"ಕಾಯ್ತೀನಿ. ನೀನು ಹೇಳು. ಓವರ್."

ಕೀಲಿಮಣೆಯಲ್ಲಾದರೆ ಈ ಸಂಕೋಚಕ್ಕೆ ಎಡೆಯೇ ಇಲ್ಲ. ಒಬ್ಬನ ಸಾಲು ಮುಗಿದೊಡನೆ ಗುರುತೊಂದು ತಾನೇ ಬೀಳುತ್ತದೆ, ಇನ್ನು ನಿನ್ನ ಸರದಿ ಎಂದು. ಇಲ್ಲಿ ಮರಳು ಸುರಿಯುತ್ತಿತ್ತು. ಕಂಚು ಮಾತಾಡಲಿಲ್ಲ. ಇವನು ಕಾದ. ಇನ್ನೂ ಕಾದ. ತನಗೆ ಬಿಟ್ಟುಕೊಟ್ಟು ಸುಮ್ಮನಿದ್ದಾನೆ, ಪಾಪ, ಗಂಟಲು ಉಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡ. ಈಗ ಹೇಳದಿದ್ದರೆ ಇನ್ನಿಲ್ಲ ಅನಿಸಿತು. ಗುಂಡಿ ಒತ್ತಿದ. ಕಣ್ಣು ಮುಚ್ಚಿದ.

"ಕಂಚು, ನೀನು ಕೆಮ್ಮಿದಾಗ ನಾನು ನಕ್ಕೆ."

ಮನೆ, ಹಾಲು ಆಗಲಿಲ್ಲ. ಧ್ವನಿ ಎಲ್ಲೋ ಎಡವಿತು, ಎಡವಿದ್ದೇ ತಡ ಹಿಂದಿದ್ದದ್ದೆಲ್ಲ ಬಂದು ಅದರ ಮೇಲೆ ಬಿತ್ತು.

"ನೀನು ಖೊ ಖೊ ಅಂತ ಬರೀತಿದ್ದೆ. ನಾನು ನಗು ಅಂತ ಓದಿದೆ. ಓದಲೂ ಇಲ್ಲ, ಗುಂಡಿ ಒತ್ತಿದೆ. ಮೈಕು ಯಾವತ್ತೂ ಕೆಟ್ಟಿರಲಿಲ್ಲ ಕಂಚು. ನನಗೆ ನನ್ನ ಧ್ವನಿ ಕೇಳೋಕಾಗ್ತಿರಲಿಲ್ಲ, ಅದಕ್ಕೆ ನಿನ್ನ ಬಾಯಿ ಕಟ್ಟಿದೆ. ನಾನು ಕಿವಿ ಅಂತೆ! ದಿನಾ ಹತ್ತಾರು ಜನರ ಕಿವಿ ನೋಡ್ತೀನಿ. ಮನೆಗೆ ಬಂದ್ರೆ ಅವಳು ಮಾತಾಡ್ತಾಳೆ, ನನಗೆ ಮಾತು ಕೇಳಿಸಲ್ಲ, ಸದ್ದು ಎಷ್ಟು ಗಟ್ಟಿ ಅಂತ ಮಾತ್ರ ಗೊತ್ತಾಗತ್ತೆ. ಈ ಮನೇಲಿ ಯಾರೂ ಇಲ್ಲ ಕಂಚು. ಅವಳಿದಾಳೆ. ನಾನಿಲ್ಲ. ಅವಳು ಯಾರ ಜೊತೆ ಸಂಸಾರ ಮಾಡ್ತಿದಾಳೋ ಗೊತ್ತಿಲ್ಲ. ಒಂದು ಸಲ ಅತ್ತಿದ್ಲು, ಅಡುಗೆಮನೇಲಿ. ಸಂಜೆ. ನನಗೆ ಕೇಳಿಸ್ತು. ಎದ್ದು ಹೋಗಲಿಲ್ಲ. ಯಾಕೆ ಅಂತ ಕೇಳಿದ್ರೆ ಅವಳು ಹೇಳಿಬಿಡ್ತಾಳೆ ಅಂತ ಭಯ ಆಯ್ತು. ಹೆಡ್‌ಫೋನು ಹಾಕ್ಕೊಂಡೆ. ನಿನ್ನ ಹತ್ರ ಮಾತ್ರ ನಾನು ಮನುಷ್ಯ ಆಗಿದ್ದೆ ಕಣೋ. ಆ ನಿನ್ನನ್ನೂ ಅಕ್ಷರ ಮಾಡಿ ಇಟ್ಟೆ. ನಾಳೆ ಅವರು ತೆಗೆಯೋದನ್ನ ನಾನು ಎರಡು ವರ್ಷದ ಹಿಂದೇನೇ ತೆಗೆದಿದ್ದೆ. ಬೈಯಿ ನನ್ನ. ಇವತ್ತು ಒಂದು ದಿನ ಬಾಯಿ ತುಂಬಾ ಬೈಯಿ, ಕೇಳಿಸ್ಕೊಳ್ತೀನಿ. ಓವರ್."

ಹೆಬ್ಬೆರಳು ಎತ್ತಿದ.

"—ಅಕ್ಕನಿಗೂ ಹೇಳಿಲ್ಲ," ಎನ್ನುತ್ತಿತ್ತು ಹೆಡ್‌ಫೋನಿನಲ್ಲಿ ಆ ಧ್ವನಿ. ಹರಿದು ಚಿಂದಿಯಾಗಿತ್ತು. "ನನ್ನವಳು ಹೋದ ಮೇಲೆ ಯಾರಿಗೂ ಹೇಳಿಲ್ಲ. ನಿನಗೊಬ್ಬನಿಗೇ. ಬಾಯಲ್ಲೇ ಹೇಳ್ಬೇಕು ಅಂತಿತ್ತು, ಬರೆಯೋಕಾಗೋ ಮಾತಲ್ಲ ಅದು. ಹೇಳಿಬಿಟ್ಟೆ. ಹಗುರ ಆಯ್ತು ಕಣೋ. ಓವರ್."

ಅವನು ಕೈಯಲ್ಲಿದ್ದ ಮೈಕಿನ ಗುಂಡಿಯನ್ನು ನೋಡಿದ.

ಗುಂಡಿ ಒತ್ತಿರುವಷ್ಟು ಹೊತ್ತು ಪೆಟ್ಟಿಗೆಗೆ ಕಿವಿ ಇರುವುದಿಲ್ಲ. ಮಾತಾಡುವವನು ಕೇಳಲಾರ. ಇದನ್ನು ಈ ಹವ್ಯಾಸದ ಮೊದಲ ದಿನವೇ ಹೇಳಿಕೊಡುತ್ತಾರೆ. ಇಬ್ಬರಿಗೂ ಒಂದೇ ಗಳಿಗೆಗೆ ಕಾದು ಸಾಕಾಗಿತ್ತು. ಇಬ್ಬರೂ ಒಂದೇ ಗಳಿಗೆಗೆ ಒತ್ತಿದ್ದರು. ಮನಸ್ಸು ಬಿಚ್ಚಿ, ಅಷ್ಟು ಹೊತ್ತೂ, ಒಬ್ಬ ಗೋಡೆಗೆ ಹೇಳಿಕೊಂಡಿದ್ದ. ಇನ್ನೊಬ್ಬ ಕಿವಿ ಮಂದವಾದ ಅಕ್ಕನಿದ್ದ ಮನೆಗೆ.

ಕೇಳಿದರಾಯಿತು. ಒಂದೇ ಮಾತು. ಕಂಚು, ಇಬ್ಬರೂ ಒಟ್ಟಿಗೆ ಆಡಿಬಿಟ್ಟೆವು, ಇನ್ನೊಮ್ಮೆ ಹೇಳು. ಹೊಸಬ ಕೂಡ ಹಾಗೆ ಕೇಳುತ್ತಾನೆ, ಅದರಲ್ಲಿ ನಾಚಿಕೆಯಿಲ್ಲ. ಹಗುರಾಯಿತು ಎಂದವನ ತಲೆಯ ಮೇಲೆ ಅದೇ ಹೊರೆ ಮತ್ತೆ ಹೊರಿಸುವುದು ಹೇಗೆ ಎಂದುಕೊಂಡ. ಚಿಂದಿಯಾದ ಆ ಗಂಟಲಿಂದ ಇನ್ನೊಂದು ಸಲ ಹೇಗೆ ಎಂದುಕೊಂಡ. ಇವು ಒಳ್ಳೆಯ ಕಾರಣಗಳಾಗಿದ್ದವು. ಇವುಗಳ ಹಿಂದೆ ಅವಿತುಕೊಂಡಿದ್ದ ಕಾರಣ ಬೇರೆ: ಕಂಚು ಇನ್ನೊಮ್ಮೆ ಹೇಳಿದರೆ, ತಾನೂ ಇನ್ನೊಮ್ಮೆ ಹೇಳಬೇಕಾಗುತ್ತಿತ್ತು.

ಒತ್ತಿದ. "ಕೇಳಿಸ್ತು ಕಂಚು. ಎಲ್ಲಾ ಕೇಳಿಸ್ತು. ನಂದೂ ಹೇಳಿ ಆಯ್ತು. ಐದು-ಒಂಬತ್ತು. ಓವರ್."

ಮರಳು. ಬಹಳ ಹೊತ್ತು ಬರೀ ಮರಳು.

"ನಿಂದೂ ಐದು-ಒಂಬತ್ತು," ಅಂತು ಆ ಧ್ವನಿ, ಮೆಲ್ಲಗೆ. "ನೀನು ಹೇಳಿದ್ದು... ಪ್ರತಿಯೊಂದು ಮಾತೂ ಕೇಳಿಸ್ತು. ಮನಸ್ಸಿಗೆ ಹಚ್ಕೋಬೇಡ. ಓವರ್."

ತಾನು ಒತ್ತಿದ್ದಾಗ ಕಂಚೂ ಒತ್ತಿದ್ದ. ಒಂದಕ್ಷರ ಕೇಳಿಸಿರುವುದು ಸಾಧ್ಯವಿಲ್ಲ. ಕಂಚಿಗೂ ಅದು ಗೊತ್ತು. ಇವನಿಗೆ ಗೊತ್ತೆಂಬುದೂ ಗೊತ್ತು.

"ಹುಷಾರು ಕಂಚು," ಅಂದ. "ಒಳ್ಳೇದಾಗಲಿ. ಮತ್ತೆ ಸಿಗೋಣ. ಓವರ್."

ಆಡಿ ಮುಗಿದ ಮೇಲೆ ತಿಳಿಯಿತು, ಯಂತ್ರ ತಾನೇ ಜೋಡಿಸುತ್ತಿದ್ದ ಸಾಲು ಅದು.

"ಹ್ಞೂಂ," ಅಂತು ತಗಡು. "ಬೆರಳಲ್ಲಿ ಸಿಗ್ತೀನಿ ಬಿಡು. ಬರ್ಲಾ?"

*

ಹೆಡ್‌ಫೋನು ತೆಗೆದ. ಮನೆ ನಿಶ್ಶಬ್ದವಾಗಿತ್ತು. ಹೊಲಿಗೆ ಯಂತ್ರ ಯಾವಾಗ ನಿಂತಿತ್ತೋ.

ಬಾಗಿಲು ಒಂದು ಗೇಣು ತೆರೆದಿತ್ತು. ಹೆಂಡತಿ ಅಲ್ಲಿ ನಿಂತಿದ್ದಳು, ಕೈಯಲ್ಲಿ ಅರ್ಧ ಹೊಲಿದ ತೋಳು. ಕಿವಿ ಮುಚ್ಚಿಕೊಂಡು ಮಾತಾಡುವವರು ತಮಗೆ ತಿಳಿಯದೆ ಜೋರಾಗಿ ಮಾತಾಡುತ್ತಾರೆ. ಇದನ್ನು ಅವನು ಎಷ್ಟು ಜನ ರೋಗಿಗಳ ಮನೆಯವರಿಗೆ ವಿವರಿಸಿದ್ದನೋ ಲೆಕ್ಕವಿಲ್ಲ.

"ಅವರಿಗೆ ಕೇಳಿಸ್ತಾ?" ಎಂದು ಕೇಳಿದಳು.

"ಹ್ಞೂಂ. ಎಲ್ಲಾ."

ಅವಳು ತಲೆಯಾಡಿಸಿದಳು. "ನನಗೂ ಕೇಳಿಸ್ತು."

ಅವಳು ಒಳಗೆ ಬಂದು ಮಂಚದ ತುದಿಯಲ್ಲಿ ಕೂತಳು. ಈ ಕೋಣೆಯಲ್ಲಿ ಅವಳು ಕೂತದ್ದನ್ನು ಅವನು ಕಂಡಿರಲಿಲ್ಲ. ತೋಳಿನ ಬಟ್ಟೆಯನ್ನು ತೊಡೆಯ ಮೇಲೆ ಹರಡಿ ಅಂಗೈಯಿಂದ ನೀವುತ್ತ, "ಅವತ್ತು ಯಾಕೆ ಅತ್ತೆ ಅಂತ ಹೇಳ್ಲಾ?" ಅಂದಳು.

ಎದುರಿಗಿದ್ದ ಪೆಟ್ಟಿಗೆಯಲ್ಲಿ, ಗುಂಡಿ ಒತ್ತಿದಾಗ ಮಾತ್ರ ಹೊತ್ತುವ ಕೆಂಪು ದೀಪ ಉರಿಯುತ್ತಿತ್ತು. ಆಗ ಕೈಯ ಕಡೆ ನೋಡಿಕೊಂಡ. ಮೈಕು ಇನ್ನೂ ಮುಷ್ಟಿಯಲ್ಲೇ ಇತ್ತು, ಹೆಬ್ಬೆರಳು ಗುಂಡಿಯನ್ನು ಒತ್ತಿ ಹಿಡಿದಿತ್ತು. ಎಷ್ಟು ಹೊತ್ತಿನಿಂದಲೋ. ಅತ್ತ ಕಂಚು ಮತ್ತೆ ಕರೆಯುತ್ತಿರಬಹುದು. ಮನಸ್ಸು ಬದಲಾಯಿಸಿ, ಆ ಮಾತನ್ನೇ ಮತ್ತೆ ಮೊದಲಿಂದ ಹೇಳುತ್ತಿರಬಹುದು. ಬೆರಳು ಎತ್ತಿದರೆ ತಿಳಿಯುತ್ತಿತ್ತು.

ಬೆರಳು ಏಳಲಿಲ್ಲ.

ದೀಪದ ಪಕ್ಕದಲ್ಲಿ ಸಣ್ಣ ಗಾಜಿನೊಳಗೆ ಮುಳ್ಳೊಂದು ಸೊನ್ನೆಯ ಮೇಲೆ ಮಲಗಿತ್ತು. ಗುಂಡಿ ಒತ್ತಿದ್ದರೂ, ಕೋಣೆಯಲ್ಲಿ ಮಾತು ಎದ್ದರೆ ಮಾತ್ರ ಅದು ಏಳುತ್ತದೆ. ಮೌನಕ್ಕೆ ಅದು ಜಗ್ಗುವುದಿಲ್ಲ. ಅವಳು ಶುರು ಮಾಡಿದಳು. ಮುಳ್ಳು ಥಟ್ಟನೆ ಎದ್ದಿತು, ನಡುಗಿತು, ಬಿತ್ತು, ಮತ್ತೆ ಎದ್ದಿತು. ಅವಳ ಮಾತು ಮಹಡಿಯ ತಂತಿಗೆ ಏರಿ, ಸಂಜೆಯ ಆಕಾಶಕ್ಕೆ, ಯಾರೂ ಕೂತಿರದ ಕಡೆಗೆಲ್ಲ ಹೋಗುತ್ತಿತ್ತು.

ಅವನು ಅವಳ ಮುಖ ನೋಡಲಿಲ್ಲ. ಮುಳ್ಳು ಎಷ್ಟಕ್ಕೆ ಏರುತ್ತಿದೆ ಎಂದು ನೋಡುತ್ತ ಕೂತ.